ರಂಗಪ್ಪ ಮಾವನ ದನಿ

ಸರ್ರೆಂದು ಸಿಪ್ಪೆ ಹರಿಯುವ ಸದ್ದು, ಅಂಗಳದಲ್ಲಿ ಕೊಬ್ಬರಿ ವ್ಯಾಪಾರಿ ಮಾವ ರಂಗಪ್ಪ ಕಾಯಿ ಸುಲಿಯುತ್ತಿದ್ದಾನೆ, ಇಲ್ಲಿ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಮಿನುಗುತ್ತಿದೆ, ಗಂಡಸಾದರೆ ಐದು ನಿಮಿಷದೊಳಗೆ ದನಿ ಕಳಿಸು — ಅಯ್ಯೋ, ಎಂಟು ತಿಂಗಳಿಂದ ಈ ಗುಪ್ತ ಜಾಲದಲ್ಲಿ ನಾನು ಬಾಂಬು ಕೊಳ್ಳಲು ಬಂದ ಕಾಳಿಂಗ, ಸೇನೆಯ ಕ್ಯಾಪ್ಟನ್ ಶಿಲ್ಪ ಎಂದು ಮಾರುವವನಿಗೆ ಗೊತ್ತಿಲ್ಲ, ರಜೆಗೆ ಅರಳಗುಪ್ಪೆಗೆ ಹೋದರೂ ಇದು ಜೊತೆಗಿರಲಿ ಎಂದಿದ್ದರು ಮೇಜರ್, ಅವನು ಸರಕು ಬಚ್ಚಿಟ್ಟ ಜಾಗವೊಂದು ತಿಳಿದರೆ ಸಾಕು, ನಾನು ಕೊಳ್ಳದಿದ್ದರೆ ಶುಕ್ರವಾರ ಬೇರೆ ಯಾರಿಗೋ ಮಾರುತ್ತಾನೆ, ಆಮೇಲೆ ಯಾವ ಬಸ್ ನಿಲ್ದಾಣವೋ, ಯಾರ ಮಕ್ಕಳೋ — ಗಂಟಲು ಎಷ್ಟು ದಪ್ಪ ಮಾಡಿದರೂ ನಾನು ನೆಗಡಿ ಹಿಡಿದ ಹುಡುಗಿಯೇ, ಮೂರು ನಿಮಿಷ, ಮಾವ, ಬಾ ಇಲ್ಲಿ, ಯಾರೋ ವ್ಯಾಪಾರಿ, ಸರಕೈತೆ ಅಂತಾನೆ, ಎಲ್ಲೈತೆ ಅಂತ ಹೇಳಲ್ಲ, ನೀನೇ ಕೇಳು — ಕೊಬ್ರಿನಾ ಮಗಾ? — ಹೂಂ ಮಾವ — ಛೇ, ಕೊಲೆಗಡುಕನಿಗೆ ಎಂಟು ತಿಂಗಳು ಸುಳ್ಳು ಹೇಳಿದ್ದು ಸಲೀಸು, ಈ ಒಂದು ಹೂಂ ಮಾತ್ರ ಮಾವನ ಮುಖ ನೋಡಿ ಹೇಳಲಾಗಲಿಲ್ಲ, ಮಾವ ಪಂಚೆಗೆ ಕೈ ಒರೆಸಿಕೊಂಡು ಮೈಕಿಗೆ ಗುಡುಗಿದ, ಯಾವನ್ಲಾ ನೀನು, ಮಾಲು ನೋಡ್ದೆ ಯಾಪಾರ ಮಾಡಕ್ಕೆ ನಾನೇನು ನೆನ್ನೆ ಹುಟ್ಟಿದ್ನಾ, ನಿನ್ನಂಥೋರ್ನ ನಲ್ವತ್ತು ವರ್ಸದಿಂದ ನೋಡಿವ್ನಿ, ಬೂಸ್ಟು ಹಿಡ್ದಿದ್ದು ತಳ್ಳಿದ್ಯೋ, ಮನೆಗೇ ಬಂದು ಚರ್ಮ ಸುಲೀತೀನಿ, ಗೋಡೌನ್ ಎಲ್ಲೈತೆ ಬೊಗಳು, ಇಲ್ಲಾಂದ್ರೆ ಬುಡು — ದನಿ ಅವನಿಗೆ ಹೋಗಿಯೇ ಹೋಯಿತು, ಬಾಂಬಿಗೆ ಬೂಸ್ಟು ಹಿಡಿಯುತ್ತದೆಯೇ, ಮುಗಿಯಿತು, ಎಂಟು ತಿಂಗಳ ಕೆಲಸ ನೀರುಪಾಲು, ಪರದೆ ಖಾಲಿ, ಇನ್ನೂ ಖಾಲಿ, ಆಮೇಲೆ ಒಂದೊಂದೇ ಅಕ್ಷರ, ಕೋಪ ಮಾಡ್ಕೋಬೇಡಿ ಅಣ್ಣಾ, ಮಾಲು ಒಣಗೈತೆ, ಬೂಸ್ಟು ಇಲ್ಲ, ಕೆಳಗೆ ವಿಳಾಸ, ಶೆಡ್ಡಿನ ನಂಬರು ಕೂಡ — ಅಣ್ಣಾ ಅಂದನಲ್ಲ, ನನಗೆ ಎಂಟು ತಿಂಗಳಲ್ಲಿ ಒಂದು ದಿನವೂ ಅನ್ನಲಿಲ್ಲ ಪಾಪಿ — ಒಪ್ಪಿದ ಮಾವ ಎಂದೆ, ವಿಳಾಸ ಮೇಜರಿಗೆ ಕಳಿಸಿದೆ — ರಾತ್ರಿ ಊಟದ ಹೊತ್ತಿಗೆ ಮೇಜರ್ ಫೋನು, ಅವನೂ ಅವನ ಇಬ್ಬರು ಜೊತೆಗಾರರೂ ಸಿಕ್ಕರು, ಸರಕೂ ಸಿಕ್ಕಿತು, ಆ ದನಿ ಯಾವ ರೆಜಿಮೆಂಟಿನವರದು ಶಿಲ್ಪಾ, ನನ್ನ ತಾಯಿಯ ತಮ್ಮ ಸರ್ ಎಂದೆ, ಮಾವನಿಗೆ ಹೇಳುವ ಹಾಗಿಲ್ಲ, ಇಂದೂ ಇಲ್ಲ, ಎಂದೂ ಇಲ್ಲ, ನಗಲೋ ಅಳಲೋ, ಮುದ್ದೆ ಮುರಿಯಲು ಕೈ ಬರಲಿಲ್ಲ, ಎಲ್ಲಿ ಮಾವ, ಊಟಕ್ಕೂ ಬರಲಿಲ್ಲವಲ್ಲ, ಮೇಲೆ ಏನೋ ಉರುಳುತ್ತಿದೆ, ಧೂಳು ಉದುರುತ್ತಿದೆ, ಏಣಿ ಹತ್ತಿ ನೋಡಿದರೆ ಅಟ್ಟದ ಕಾಯಿಯೆಲ್ಲ ಒಂದು ಮೂಲೆಗೆ, ಅರ್ಧ ಅಟ್ಟ ಕನ್ನಡಿಯ ಹಾಗೆ, ಮಾವನ ತಲೆಯೆಲ್ಲ ಜೇಡರ ಬಲೆ, ಕೊಬ್ರಿ ಲಾರಿ ಯಾವಾಗ ಬತ್ತದೆ ಮಗಾ, ಜಾಗ ಮಾಡಿವ್ನಿ ನೋಡು, ಸಾಲ್ದಾ? — ಸಾಕು ಮಾವ, ಧಾರಾಳ ಆಯ್ತು — ಗುಡಿಸಿದ ಅಟ್ಟ, ಆ ಗುಡಿಸಿದ ಖಾಲಿ ಅಟ್ಟ —