ಅತ್ತೆ ತೋರಿಸಿದ್ದು ತನುಜಳಿಗೆ

"ಜೊತೆಗೆ ಒಬ್ರು ಸಾಕು," ಎಂದು ನರ್ಸ್ ಬಾಗಿಲಿಗೆ ಅಡ್ಡ ನಿಂತಾಗ, ಅತ್ತೆ ಪೆದ್ದಮ್ಮ ಹಿಂತಿರುಗಿಯೂ ನೋಡದೆ ಕಿರಿಸೊಸೆ ತನುಜಳ ಕೈ ಹಿಡಿದುಕೊಂಡಳು. ಹಿರಿಸೊಸೆ ಆದಿಲಕ್ಷ್ಮಮ್ಮ ಶಿಡ್ಲಘಟ್ಟದ ಆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ, ಚಪ್ಪಲಿ ಕಾಯುವವಳ ಹಾಗೆ ಕೂತಳು.

ಸಾದಲಿಯ ಮನೆಯಲ್ಲಿ ಅತ್ತೆಯ ತಲೆಗೆ ಎಣ್ಣೆ ಒತ್ತುವವಳು ತಾನು, ಮುದ್ದೆಯನ್ನು ಮೆತ್ತಗೆ ತಿರುವಿ ಕೊಡುವವಳು ತಾನು. ತನುಜ ಚಿಕ್ಕಬಳ್ಳಾಪುರದಿಂದ ಹಬ್ಬಕ್ಕೆ ಬಂದು, ಸೀರೆಯ ಇಸ್ತ್ರಿ ಕೆಡುವ ಮೊದಲೇ ಬಸ್ಸು ಹತ್ತುವವಳು. ಅಂಥವಳನ್ನು ನಿನ್ನೆ ಹಿತ್ತಿಲಿಗೆ ಕರೆದು ಅತ್ತೆ ಕೆನ್ನೆಯೊಳಗಿನ ಹುಣ್ಣು ತೋರಿಸಿದ್ದಳು. ಒಂದೇ ಸೂರಿನಡಿ ಇರುವವಳಿಗೆ ಸುದ್ದಿಯೇ ಇಲ್ಲ!

ಒಳಗಿನ ಮಾತು ಹೊರಗೆ ಕೇಳಿಸುತ್ತಿತ್ತು.

"ಹೊಗೆಸೊಪ್ಪು ಹಾಕ್ತೀರಾ ಅಜ್ಜಿ?"

"ಸಂಕ್ರಾಂತಿಗೇ ಬಿಟ್ಟೆ ಸ್ವಾಮಿ. ಉರಿ ತಡೆಯಕ್ಕಾಗಲಿಲ್ಲ."

ಬಿಟ್ಟಳೇ? ಆದಿಲಕ್ಷ್ಮಮ್ಮ ಎದ್ದು ನಿಂತಳು. ಹೊಗೆಸೊಪ್ಪು ಮುಟ್ಟಿದ ಕೈ ತಾಗಿದರೆ ಮನೆಯಲ್ಲಿ ಸಾಕುವ ರೇಷ್ಮೆಹುಳು ಉಳಿಯುವುದಿಲ್ಲ. ಅತ್ತೆಯ ಬಾಯಿ ವಾಸನೆ ಹೊಡೆಯತೊಡಗಿದಾಗ, ಮುದುಕಿ ಕದ್ದು ಅಗಿಯುತ್ತಿದ್ದಾಳೆ ಎಂದುಕೊಂಡು, ಹುಳದ ಮನೆಗೆ ಕಾಲಿಡಬೇಡ ಎಂದಿದ್ದವಳು ತಾನೇ.

ಡಾಕ್ಟರು ಇಬ್ಬರನ್ನೂ ಕರೆದುಕೊಂಡು ಹೊರಗೆ ಬಂದರು. "ಕ್ಯಾನ್ಸರ್ ಇರಬಹುದು, ಇಲ್ಲದೇನೂ ಇರಬಹುದು. ಬೆಂಗಳೂರಲ್ಲಿ ಚೂರು ತೆಗೆದು ಪರೀಕ್ಷೆ ಮಾಡ್ತಾರೆ. ತಡ ಮಾಡದೆ ಇವತ್ತೇ ಹೊರಡಿ. ಜೊತೆಗೆ ಯಾರಿರ್ತೀರಿ?"

"ತನುಜ ಬರ್ತಾಳೆ," ಎಂದಳು ಪೆದ್ದಮ್ಮ.

"ಯಾಕತ್ತೆ, ನಾನು ಸತ್ತೋಗಿದೀನಾ? ನನಗೆ ಯಾಕೆ ತೋರಿಸಲಿಲ್ಲ?"

"ನಿನಗೇನಮ್ಮ ತೋರ್ಸೋದು? ನಾನು ಬಾಯಿ ಬಿಟ್ರೆ ನೀನು ಮಕ ತಿರುಗಿಸ್ತಿದ್ದೆ."

ತನುಜ ನಡುವೆ ಬಂದಳು. "ಅಕ್ಕ, ನೀನು ಮನೆಗೆ ಹೋಗು. ಹುಳ ನಾಲ್ಕನೇ ಜ್ವರ ಎದ್ದವೆ, ಪೊರೆ ಕಳಚಿ ಈಗ ಎಡೆಬಿಡದೆ ಮೇಯ್ತವೆ ಅಂದೆಯಲ್ಲ? ಹೊತ್ತೊತ್ತಿಗೆ ಸೊಪ್ಪು ಬೀಳದಿದ್ರೆ ಬೆಳೆ ಹೋಗುತ್ತೆ."

"ನೀನೇ ಹೋಗಿ ಹಾಕಮ್ಮ."

"ಅಯ್ಯೋ, ಹುಳ ಕಂಡ್ರೆ ಮೈ ಜುಮ್ಮನ್ನುತ್ತೆ ಕಣಕ್ಕ."

"ಗೊತ್ತು ಬಿಡು. ಉಟ್ಕೊಳ್ಳೋಕೆ ಮಾತ್ರ ರೇಷ್ಮೇನೇ ಬೇಕು."

ಪೆದ್ದಮ್ಮನಿಗೆ ನಗು ಬಂತು. ನಗಲಾರದೆ ಕೆನ್ನೆ ಹಿಡಿದುಕೊಂಡಳು.

ಆದಿಲಕ್ಷ್ಮಮ್ಮ ಪಕ್ಕದ ಅಂಗಡಿಯ ಕಾಯಿನ್ ಫೋನಿನಿಂದ ಗಂಡನಿಗೆ ಮಾತಾಡಿದಳು. "ಹುಳ ನೀವೇ ನೋಡ್ಕೊಳ್ಳಿ."

"ನಂಗೆ ಸೊಪ್ಪು ಕೊಯ್ಯೋದು ಬಿಟ್ರೆ ಏನು ಬರ್ತದೆ? ಬೆಳೆ ಹೋಗುತ್ತೆ ಕಣೇ!"

"ಹೋದ್ರೆ ಹೋಗ್ಲಿ. ನಾನು ಅತ್ತೆ ಜೊತೆ ಹೋಗ್ತಿದೀನಿ."

ಬಸ್ಸಿನಲ್ಲಿ ತನುಜ ಆಗಲೇ ಅತ್ತೆಯ ಮಗ್ಗುಲಲ್ಲಿ ಕೂತಿದ್ದಳು. "ಏಳು, ನೀನು ಈಚೆಗೆ ಕೂತ್ಕೊ," ಎಂದು ಆದಿಲಕ್ಷ್ಮಮ್ಮ ಅವಳನ್ನು ಎಬ್ಬಿಸಿ ತಾನು ನಡುವೆ ಸೇರಿಕೊಂಡಳು. ಪೆದ್ದಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

ಬೆಂಗಳೂರಿನ ದಾರಿಯ ವಿಜಯಪುರ ದಾಟಿದ ಮೇಲೆ ಮುದುಕಿ ನೀರು ಕೇಳಿದಳು. ಕುಡಿದದ್ದು ಪೂರ್ತಿ ಗಂಟಲಿಗೆ ಇಳಿಯಲಿಲ್ಲ. ಎಂಜಲು ಬೆರೆತು ಗಲ್ಲದ ಮೇಲೆ ಹರಿಯಿತು. ತನುಜ ವ್ಯಾನಿಟಿ ಬ್ಯಾಗಿನಿಂದ ಮಡಿಸಿದ ಕರ್ಚೀಫು ತೆಗೆಯುವಷ್ಟರಲ್ಲಿ ಆದಿಲಕ್ಷ್ಮಮ್ಮ ಬಾಗಿ ತನ್ನ ಸೆರಗಿನಿಂದ ಒರೆಸಿದ್ದಳು. ವಾಸನೆ ನೇರವಾಗಿ ಮೂಗಿಗೆ ಬಡಿಯಿತು. ತನುಜಳ ಕೈ ಕರ್ಚೀಫಿನ ಸಮೇತ ಇನ್ನೂ ಮುಂದೆ ಚಾಚಿಯೇ ಇತ್ತು.

ಒರೆಸಿ ಆದ ಮೇಲೂ ಆದಿಲಕ್ಷ್ಮಮ್ಮ ಸೆರಗನ್ನು ಕೆಳಗಿಳಿಸಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಜಾರುತ್ತಿದ್ದ ಅದನ್ನು ಮತ್ತೆ ಮತ್ತೆ ಸರಿಮಾಡಿ, ಅತ್ತೆಯ ಗಲ್ಲದ ಕೆಳಗೆ ಹಿಡಿದು ಕೂತಳು.