ತೆಳು ಹಾಲು

ನನಗೆ ಕೊಬ್ಬು ಜಾಸ್ತಿ ಎಂದು ಮನೆಯಲ್ಲೂ ಶಾಲೆಯಲ್ಲೂ ಮೊದಲಿನಿಂದ ಮಾತಿದೆ. ಮನೆಯವರು ನನ್ನ ಬಾಯಿಗೆ ಹೆದರಿ ಹಾಗೆನ್ನುತ್ತಾರೆ. ಶಾಲೆಯಲ್ಲಿ ಕಾರಣ ಬೇರೆ. ನಾನು ಜೀವಶಾಸ್ತ್ರದ ಟೀಚರು, ಕೊಬ್ಬಿನ ಪಾಠ ಶುರು ಮಾಡಿದರೆ ಗಂಟೆ ಹೊಡೆದರೂ ಬಿಡುವುದಿಲ್ಲ. ಕೊಬ್ಬು ಎಂದರೆ ಜನ ಮೂಗು ಮುರಿಯುವುದು ನನಗೆ ಸೇರುವುದಿಲ್ಲ. ಬೋರ್ಡಿನ ಮೇಲೆ ಒಂದು ದುಂಡು ತಲೆ, ಎರಡು ಬಾಲ ಬರೆಯುತ್ತೇನೆ. ತಲೆಗೆ ನೀರೆಂದರೆ ಇಷ್ಟ, ಬಾಲಗಳಿಗೆ ನೀರು ಕಂಡರಾಗದು. ಇಂಥವು ಕೋಟ್ಯಂತರ ಸೇರಿ, ಬಾಲಗಳನ್ನು ಒಳಗೆ ಬಚ್ಚಿಟ್ಟುಕೊಂಡು ಎರಡು ಸಾಲಾಗಿ ನಿಂತರೆ ಜೀವಕೋಶದ ಪೊರೆಯಾಗುತ್ತದೆ. ಅದೊಂದು ಇಲ್ಲದಿದ್ದರೆ ನಾವೆಲ್ಲ ಬಕೆಟಿನಿಂದ ಚೆಲ್ಲಿದ ನೀರು ಎಂದಾಗ ಹಿಂದಿನ ಬೆಂಚಿನವರೂ ನಗುತ್ತಾರೆ.

ಇಷ್ಟೆಲ್ಲ ಕೊರೆಯುವವಳ ಮಗಳು ಮೈಯಲ್ಲಿ ಕೊಬ್ಬೇ ಇಲ್ಲದೆ ಹುಟ್ಟಿದಳು.

ಮಗು ಹೊಟ್ಟೆಯೊಳಗೆ ಮೈಕೈ ತುಂಬಿಕೊಳ್ಳುವುದು ಕೊನೆಯ ತಿಂಗಳುಗಳಲ್ಲಿ. ನನ್ನ ಮಗಳು ಅಷ್ಟು ದಿನ ಕಾಯಲಿಲ್ಲ. ಅವಸರ ನನ್ನಿಂದಲೇ ಬಂದಿರಬೇಕು. ಎದೆಗೂಡಿನ ಮೇಲೆ ತೆಳ್ಳನೆ ಕೆಂಪು ಚರ್ಮ, ಅದರ ಕೆಳಗೆ ಏನೂ ಇಲ್ಲ. ಉಸಿರಾಡಲೂ ಅವಳಿಗೆ ಸಾಲ ಬೇಕಾಯಿತು. ಶ್ವಾಸಕೋಶದ ಪುಟ್ಟ ಚೀಲಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಒಳಗೆ ಸವರಿರಬೇಕಾದ ಪದರ ಇನ್ನೂ ತಯಾರಾಗಿರಲಿಲ್ಲ. ಡಾಕ್ಟರು ಅದನ್ನು ಔಷಧಿಯಾಗಿ ಅವಳ ಶ್ವಾಸನಾಳದೊಳಗೆ ಇಳಿಸಿದರು. ಅದೂ ಕೊಬ್ಬಿನ ಜಾತಿಯದೇ. ಮಂಪರಿನಲ್ಲಿದ್ದ ನಾನು ಸಿಸ್ಟರಿಗೆ ಅದನ್ನೇ ವಿವರಿಸಿದೆನಂತೆ. ನನಗೆ ನೆನಪಿಲ್ಲ, ನಂಬುವುದಕ್ಕೇನೂ ಕಷ್ಟವಿಲ್ಲ.

ಆಮೇಲೆ ಅವಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ, ನಾನು ಮನೆಯೊಳಗೆ. ನನ್ನ ಹೆರಿಗೆಯ ಹೊಲಿಗೆ ಕೀವಾಗಿ ಜ್ವರ ಬಂದಿದ್ದರಿಂದ ಆಸ್ಪತ್ರೆಗೆ ದಿನಾ ಓಡಾಡುವ ಹಾಗಿರಲಿಲ್ಲ. ಅದಕ್ಕೆ ಕೊಟ್ಟ ಮಾತ್ರೆ ಹಾಲಿಗೇನೂ ತೊಂದರೆ ಮಾಡುವುದಿಲ್ಲ ಎಂದು ಡಾಕ್ಟರು ಹೇಳಿದ್ದೇ ನನ್ನ ಪುಣ್ಯ. ಮಲಗುವ ಕೋಣೆಯಲ್ಲಿ ಕೂತು ಪಂಪಿನಿಂದ ಹಾಲು ತೆಗೆದು ಬಾಟಲಿಗೆ ತುಂಬುವುದು ನನ್ನ ಕೆಲಸ. ಅದನ್ನು ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಮಂಜುಗಡ್ಡೆಯ ಡಬ್ಬಿಯಲ್ಲಿ ಒಯ್ಯುವುದು ನಮ್ಮ ಮನೆಯವರದು. ಅಲ್ಲಿ ಸಿಸ್ಟರು ಅದನ್ನು ಮೂಗಿನಿಂದ ಹೊಟ್ಟೆಗೆ ಇಳಿಸಿದ ದಾರದಂಥ ಪೈಪಿನಲ್ಲಿ ಹನಿಸುತ್ತಿದ್ದರು.

ನಮ್ಮ ಮನೆಯವರು ಕಾರುಗಳಿಗೆ ಬಣ್ಣ ಹೊಡೆಯುವವರು. ಗ್ಯಾರೇಜಿನಲ್ಲಿ ಅವರಷ್ಟು ನಾಜೂಕಿನವರಿಲ್ಲ. ಮಾತು ಕಡಿಮೆ, ಹೊಟ್ಟೆ ಸ್ವಲ್ಪ ಮುಂದೆ. ಬಣ್ಣ ತೆಳು ಮಾಡುವ ಥಿನ್ನರಿನಲ್ಲಿ ವರ್ಷಗಟ್ಟಲೆ ಅದ್ದಿ ಅದ್ದಿ ಕೈಯ ಜಿಡ್ಡೆಲ್ಲ ಹೋಗಿ ಅಂಗೈ ಬಿರುಕು ಬಿಟ್ಟಿತ್ತು. ಮಗು ಹುಟ್ಟಿದ ದಿನದಿಂದ ಗ್ಯಾರೇಜಿಗೆ ರಜೆ ಹಾಕಿದ್ದರು, ಬಣ್ಣದ ವಾಸನೆ ಅವಳಿಗೆ ತಾಗಬಾರದೆಂದು. ಆದರೂ ಪೆಟ್ಟಿಗೆಯ ಕಿಂಡಿಯೊಳಗೆ ಕೈಯಿಟ್ಟು ಅವಳನ್ನು ಮುಟ್ಟಿರಲಿಲ್ಲ. ಕೈ ಗೀರುತ್ತದೆ ಎನ್ನುತ್ತಿದ್ದರು.

ಮಗುವಿನ ತೂಕ ಏರಲಿಲ್ಲ. ಒಂದು ದಿನ ಏರಿದಂತೆ ಮಾಡಿ ಮರುದಿನ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ತೂಕ ಬಂದರೆ ಪೆಟ್ಟಿಗೆಯಿಂದ ತೆಗೆದು ಎದೆಯ ಮೇಲೆ ಮಲಗಿಸಿಕೊಳ್ಳಬಹುದು ಎಂದಿದ್ದರು. ನಾನು ಕಾಯುತ್ತಿದ್ದುದು ಅದಕ್ಕೆ. ಕೊನೆಗೆ ಡಾಕ್ಟರು ಫೋನ್ ಮಾಡಿ, ಕೆಲವು ತಾಯಂದಿರ ಹಾಲು ತೆಳುವಾಗಿರುತ್ತದೆ, ಇದರಲ್ಲಿ ನಿಮ್ಮ ತಪ್ಪೇನಿಲ್ಲ, ಸೋಮವಾರದಿಂದ ಪುಡಿಹಾಲು ಶುರು ಮಾಡೋಣ ಎಂದರು. ತಪ್ಪಿಲ್ಲ ಎಂದು ಯಾರಾದರೂ ಹೇಳಿದ ಕೂಡಲೇ ತಪ್ಪು ನಮ್ಮದೇ ಅನ್ನಿಸುತ್ತದಲ್ಲ, ನನಗೂ ಹಾಗೇ ಆಯಿತು. ಊರಿನ ಮಕ್ಕಳಿಗೆಲ್ಲ ಕೊಬ್ಬಿನ ಮಹಿಮೆ ಹೇಳಿದವಳ ಎದೆಯಲ್ಲಿ ಸುರಿದದ್ದು ಬರೀ ನೀರು. ಗೋಡೆಯ ಕಡೆ ತಿರುಗಿ ಅತ್ತೆ. ನಮ್ಮ ಮನೆಯವರು ನನ್ನ ಕಾಲು ಒತ್ತುತ್ತ ಕೂತರು.

ಆ ಸಿಟ್ಟನ್ನು ಯಾರ ಮೇಲಾದರೂ ತೀರಿಸಬೇಕಲ್ಲ. ಗಂಜಿಯ ಜೊತೆ ಅವರು ತಂದಿಟ್ಟ ಚಮಚ ಜಿಡ್ಡಾಗಿತ್ತು. ನೀರು ಅದರ ಮೇಲೆ ನಿಲ್ಲದೆ ಗುಂಡುಗುಂಡಾಗಿ ಜಾರುತ್ತಿತ್ತು. ಪಾತ್ರೆ ತೊಳೆಯುವುದೂ ಬರುವುದಿಲ್ಲವೇ ಎಂದು ಹರಿಹಾಯ್ದೆ. ಅವರು ಅದನ್ನು ಒಯ್ದು ಬಿಸಿನೀರಿನಲ್ಲಿ ತಿಕ್ಕಿ ತಂದರು. ಎಣ್ಣೆ ಮುಟ್ಟದ ಗಂಜಿಯ ಮನೆಯಲ್ಲಿ ಜಿಡ್ಡು ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಬೇಗ ಎಚ್ಚರವಾಯಿತು. ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದೆ. ಅವರು ನನಗೆ ಬೆನ್ನು ಹಾಕಿ ಕಿಟಕಿಯ ಬೆಳಕಿಗೆ ನಿಂತಿದ್ದರು. ಫ್ರಿಜ್ಜಿನಿಂದ ತೆಗೆದ ಬಾಟಲಿಗಳು ಸಾಲಾಗಿದ್ದವು. ಪ್ರತಿಯೊಂದರ ಮೇಲೂ ಹಳದಿ ಛಾಯೆಯ ಒಂದು ಪದರ ಕಟ್ಟಿತ್ತು. ಅವರು ಚಮಚದಿಂದ ಆ ಪದರವನ್ನು ನಯವಾಗಿ ಎತ್ತಿ ಬಟ್ಟಲಿಗೆ ಹಾಕುತ್ತಿದ್ದರು. ಉಳಿದ ಹಾಲನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದರು.

"ಏನ್ರೀ ಮಾಡ್ತಿದೀರಿ?" ಎಂದೆ.

"ನೀನ್ಯಾಕೆ ಎದ್ದೆ? ಹೋಗಿ ಮಲ್ಕೋ, ಇನ್ನೇನು ಮುಗೀತು."

"ಅದೇನು ತೆಗೀತಿರೋದು?"

"ಮೇಲೆ ಕಟ್ಟಿರತ್ತಲ್ಲ, ಅದು. ಆ ಪೈಪು ಎಷ್ಟು ಸಣ್ಣದು ನೋಡಿದೀಯಲ್ಲ. ಬಣ್ಣದ ಮೇಲಿನ ಕೆನೆ ಒಂದು ಚೂರು ನಮ್ಮ ಸ್ಪ್ರೇ ಗನ್ನೊಳಗೆ ಹೋದ್ರೂ ಕಟ್ಕೊಳ್ಳತ್ತೆ. ಅವಳ ಪೈಪು ಕಟ್ಕೊಂಡ್ರೆ ಏನ್ ಮಾಡೋದು? ಅದಕ್ಕೇ ದಿನಾ ತೆಗೆದು, ಸೋಸಿ ಒಯ್ತೀನಿ."

ನನ್ನ ನಾಲಿಗೆಯ ತುದಿಗೆ ಏನೇನು ಬಂತು ಎಂಬುದನ್ನು ಇಲ್ಲಿ ಬರೆಯಲಾರೆ. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಆ ಬಟ್ಟೆ ಕಣ್ಣಿಗೆ ಬಿತ್ತು. ಕುದಿಸಿ, ಒಣಗಿಸಿ, ಇಸ್ತ್ರಿ ಹಾಕಿದ ಬಟ್ಟೆ. ತನ್ನ ಅಂಗಿಗೆ ಎಂದೂ ಇಸ್ತ್ರಿ ಹಾಕಿಕೊಳ್ಳದ ಮನುಷ್ಯ ಹಾಲು ಸೋಸುವ ಬಟ್ಟೆಗೆ ಹಾಕಿದ್ದರು. ಅಲ್ಲೇ ಇದ್ದ ಸ್ಟೂಲು ಎಳೆದು ಕೂತೆ. ಹೊಲಿಗೆ ನೋಯುತ್ತಿದೆಯೇನೋ ಎಂದು ಅವರು ಓಡಿ ಬಂದರು.

"ರೀ," ಎಂದೆ. "ಅವಳಿಗೆ ಬೇಕಾಗಿರೋದು ಅದೇ ಕಣ್ರೀ. ಕೆಳಗೆ ಉಳಿಯೋದ್ರಲ್ಲಿ ನೀರೇ ಹೆಚ್ಚು. ಮೈ ತುಂಬೋದು ಈ ಮೇಲಿನದರಿಂದ. ಮೆದುಳಿಗೂ ಇದು ಬೇಕು, ನರದ ಮೇಲಿನ ಹೊದಿಕೆಗೂ ಇದು ಬೇಕು. ಚಳಿಗೆ ಹೊದ್ಕೊಳ್ಳೋ ರಗ್ಗು ಅಂದ್ರೂ ಇದೇ."

ಅವರು ಕೈಯಲ್ಲಿದ್ದ ಚಮಚವನ್ನೇ ನೋಡುತ್ತ ನಿಂತರು. ಮುಖ ಸುಣ್ಣ ಬಳಿದ ಗೋಡೆಯಂತಾಯಿತು. "ಹಾಗಾದ್ರೆ ಇಷ್ಟು ದಿನ ನಾನು..." ಎಂದರು. ಸಿಂಕಿನ ಕಡೆ ನೋಡಿದರು. ಇಷ್ಟು ದಿನದ್ದೆಲ್ಲ ಅಲ್ಲಿ ಇಳಿದು ಹೋಗಿತ್ತು. ಆಮೇಲೆ, ಎಂದೂ ಅಳದ ಆ ಮನುಷ್ಯ ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತರು.

ನನ್ನ ಹಾಲು ನೀರಲ್ಲ ಎಂಬ ಸಂತೋಷಕ್ಕೆ ನಾನೂ ಅಳುತ್ತಿದ್ದೆ. ಅದನ್ನು ಆಗ ಅವರಿಗೆ ಹೇಳುವುದು ಸರಿಯಾಗಿ ಕಾಣಲಿಲ್ಲ. ಇನ್ನೂ ಮುಟ್ಟದ ಬಾಟಲಿಯೊಂದನ್ನು ಅವರ ಕೈಗಿಟ್ಟು, ಅಂಗೈಯ ಬಿಸಿ ತಾಗುವ ಹಾಗೆ ಹಿಡಿದು ಮೆಲ್ಲಗೆ ತಿರುಗಿಸಿ ಎಂದೆ. ಬಾಟಲಿಯ ಒಳಮೈಗೆ ಅಂಟಿದ್ದ ಹಳದಿ ಪದರ ನಿಧಾನವಾಗಿ ಬಿಟ್ಟು ಹಾಲಿನಲ್ಲಿ ಬೆರೆಯಿತು. ಅದು ಪೂರ್ತಿ ಕಾಣದಾಗುವವರೆಗೂ ಅವರು ಕಣ್ಣು ಮಿಟುಕಿಸಲಿಲ್ಲ.

ಆ ದಿನ ನಾನೂ ಹಟ ಹಿಡಿದು ಆಸ್ಪತ್ರೆಗೆ ಹೋದೆ. ಹಿರಿಯ ಸಿಸ್ಟರ ಮುಂದೆ ಅವರೇ ಎಲ್ಲ ಹೇಳಿಕೊಂಡರು, ಒಂದಕ್ಷರ ಬಿಡದೆ. ಸಿಸ್ಟರು ನಗಲಿಲ್ಲ. ಹಾಲು ಕುದಿಸಿ ತಂದವರನ್ನು ನೋಡಿದ್ದೇನೆ, ಸಕ್ಕರೆ ಹಾಕಿ ತಂದವರನ್ನೂ ನೋಡಿದ್ದೇನೆ, ಇಷ್ಟು ಮುತುವರ್ಜಿಯಿಂದ ಕೆಡಿಸಿದವರು ನೀವೇ ಮೊದಲು ಎಂದರು. ಇನ್ನು ಮೇಲೆ ಏನೇ ಮಾಡುವುದಿದ್ದರೂ ತನ್ನನ್ನು ಕೇಳಿಯೇ ಮಾಡಬೇಕು ಎಂದು ಬೆರಳು ಎತ್ತಿ ಗದರಿದರು. ಡಾಕ್ಟರು ಪುಡಿಹಾಲನ್ನು ಒಂದು ವಾರ ಮುಂದಕ್ಕೆ ಹಾಕಿದರು.

ವಾರ ಮುಗಿಯುವ ಮೊದಲೇ ಮಗುವಿನ ಕೆನ್ನೆಗೆ ಒಂದು ದುಂಡು ಬಂತು. ಕನ್ನಡಕ ಹಾಕಿ ಹುಡುಕಬೇಕಾದಷ್ಟು ಸಣ್ಣ ದುಂಡು. ನಾವು ಹುಡುಕಿದೆವು. ತೂಕ ಏರುತ್ತ ಹೋಯಿತು, ಒಮ್ಮೆ ಕೂಡ ಹಿಂದೆ ಬರಲಿಲ್ಲ. ನಾಳೆ ಎದೆಯ ಮೇಲೆ ಮಲಗಿಸಬಹುದು ಎಂದ ಸಿಸ್ಟರು, ಮೊದಲು ಯಾರು ಎಂದು ಕೇಳಿದರು. ತಾಯಿಯೇ ಎಂದು ನಮ್ಮ ಮನೆಯವರು ನನ್ನ ಕಡೆ ಕೈ ತೋರಿಸಿದರು. ನನ್ನ ಗಾಯ ಆಗಲೇ ಮಾಗಿತ್ತು. ಆದರೂ ಇನ್ನೂ ನೋಯುತ್ತಿದೆ, ನೀವೇ ಮೊದಲು ಎಂದು ಸುಳ್ಳು ಹೇಳಿದೆ.

ಬೆಳಿಗ್ಗೆ ಅವರ ಕೈ ಹಿಡಿದು ಕೂರಿಸಿ, ಬಿರುಕು ಬಿರುಕಿಗೂ ವ್ಯಾಸಲೀನ್ ತಿಕ್ಕಿದೆ. ಥಿನ್ನರು ತೆಗೆದದ್ದನ್ನು ಅಷ್ಟಿಷ್ಟು ತಿರುಗಿ ಕೊಟ್ಟ ಹಾಗಾಗಲಿ ಎಂದೆ. ಅವರು ಪರೀಕ್ಷೆಗೆ ಹೊರಟ ಮಕ್ಕಳ ಹಾಗೆ ಕೂತಿದ್ದರು.

ಸಿಸ್ಟರು ಅವರ ಅಂಗಿ ಬಿಚ್ಚಿಸಿ, ಒರಗು ಕುರ್ಚಿಯಲ್ಲಿ ಕೂರಿಸಿ, ಮಗಳನ್ನು ಎದೆಯ ಮೇಲೆ ಕವುಚಿ ಮಲಗಿಸಿ ಕಂಬಳಿ ಹೊದಿಸಿದರು. ನಾನು ವರ್ಷಗಳಿಂದ ಗೇಲಿ ಮಾಡುತ್ತಿದ್ದ ಆ ಹೊಟ್ಟೆಯ ಮೇಲೆ ಅವಳ ಕಾಲೆರಡೂ ಮಡಚಿಕೊಂಡು ಸರಿಯಾಗಿ ಕೂತವು. ಅವರು ಒಂದು ಕೈಯನ್ನು ಮೆಲ್ಲಗೆ ತಂದು ಅವಳ ಬೆನ್ನಿನ ಮೇಲಿಟ್ಟರು. ಗೀರಲಿಲ್ಲ. ಅವಳು ಒಮ್ಮೆ ಮುಲುಗಿ ನಿದ್ದೆ ಹೋದಳು.

ಗಂಟೆ ಕಳೆದ ಮೇಲೆ ಸಿಸ್ಟರು ಮಗುವನ್ನು ಪೆಟ್ಟಿಗೆಗೆ ಹಾಕಲು ಬಂದರು. ಕಂಬಳಿಯೊಳಗೆ ಕೈಯಿಟ್ಟು ನೋಡಿ, ಚೆನ್ನಾಗಿ ಬೆಚ್ಚಗಿದ್ದಾಳೆ, ಸಾಕು ಎಂದರು. ನಮ್ಮ ಮನೆಯವರ ಹಣೆಯಿಂದ ಬೆವರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಸಿಸ್ಟರ್," ಎಂದರು. "ಅವಳಿಗಿನ್ನೂ ಚಳಿ ಹೋಗಿಲ್ಲ."