ಕೊನೆಗೆ ಬಂದವರಿಗೆ ಲೇತ್

ಅಪ್ಪ ತೀರಿಕೊಂಡ ಮೇಲೆ ಅವರು ಬಿಟ್ಟುಹೋದ ಸಾಮಾನುಗಳಲ್ಲಿ ಜಗಳವಾಡಲು ಯೋಗ್ಯವಾದದ್ದು ಒಂದೇ ಇತ್ತು, ಅವರ ಲೇತ್. ಹಿತ್ತಾಳೆಯೋ ಉಕ್ಕೋ, ಏನು ಸಿಕ್ಕಿಸಿದರೂ ಗರಗರ ತಿರುಗಿಸಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೆತ್ತಿಕೊಡುವ ಪುಟ್ಟ ಯಂತ್ರ ಅದು. ಮೂವರು ಮಕ್ಕಳಿಗೂ ಅದು ಬೇಕಿತ್ತು. ಆದರೆ ಮನೆಯವರ ಲೆಕ್ಕದಲ್ಲಿ ಬೇಕಾಗಿದ್ದದ್ದು ಇಬ್ಬರಿಗೆ ಮಾತ್ರ, ಏಕೆಂದರೆ ಮೂರನೆಯವಳು ಬಾಯಿ ಬಿಟ್ಟು ಹೇಳಿರಲಿಲ್ಲ.

ಆ ಮೂರನೆಯವಳೇ ತಂಗಿ. ತಂಗಿ ಎಂದರೆ ಎಳೆಯ ಹುಡುಗಿಯೇನಲ್ಲ, ನಲವತ್ತು ದಾಟಿದ ಹೆಂಗಸು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಊರಿನಲ್ಲಿ ಯಾರ್‍ಯಾರ ನಗು ಸ್ವಂತದ್ದು, ಯಾರ್‍ಯಾರದು ಅವಳು ಮಾಡಿಕೊಟ್ಟದ್ದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು, ಆದರೆ ಒಂದು ನರಪಿಳ್ಳೆಗೂ ಹೇಳಿದವಳಲ್ಲ. ಇವಳು ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು. ಕೊನೆಕೊನೆಗೆ ಅಪ್ಪನ ಕೈ ನಡುಗಲು ಶುರುವಾದಾಗ ಅವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಹೇಳುವುದು, ಇವಳು ಲೇತ್ ತಿರುಗಿಸುವುದು ಎಂದಾಗಿತ್ತು. ಅಣ್ಣಂದಿರಿಗೆ ಅದು ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತೋ ಏನೋ.

ಅಣ್ಣಂದಿರ ವಿಷಯಕ್ಕೆ ಬರೋಣ. ದೊಡ್ಡಣ್ಣನದು ಡ್ರೈವಿಂಗ್ ಸ್ಕೂಲು. ಸೋಫಾದ ಮೇಲೆ ಕೂತಾಗಲೂ ಬಲಗಾಲಿನಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತಾನೆ. ಚಿಕ್ಕಣ್ಣನದು ಕನ್ನಡಕದ ಅಂಗಡಿ. ತನ್ನ ಕಣ್ಣಿಗೆ ಕಾಣದ್ದು ಲೋಕದಲ್ಲಿ ಇಲ್ಲವೇ ಇಲ್ಲ ಎಂಬುದು ಅವನ ಸಿದ್ಧಾಂತ. ಇಬ್ಬರಿಗೂ ಅಪ್ಪನಿಂದ ಅಂಟಿದ ಹುಚ್ಚೆಂದರೆ ಉಗಿಬಂಡಿ. ಮೊಳದುದ್ದದ ಇಂಜಿನ್ನು, ಆದರೆ ಆಟಿಕೆ ಎಂದೀರಿ ಜೋಕೆ, ಇಬ್ಬರೂ ಸೇರಿ ಮೈಮೇಲೆ ಬೀಳುತ್ತಾರೆ. ಅದಕ್ಕೆ ನಿಜವಾದ ಬಾಯ್ಲರಿದೆ, ಹೊಟ್ಟೆಯಲ್ಲಿ ಗ್ಯಾಸಿನ ಬೆಂಕಿಯಿದೆ. ನೀರು ಕುದಿಯಬೇಕು, ಉಗಿ ಹುಟ್ಟಬೇಕು, ಪಿಸ್ಟನ್ನು ಒದೆಯಬೇಕು, ಆಗ ಗಾಲಿ ತಿರುಗುತ್ತದೆ. ಒಂದು ಗಂಟೆ ಓಡಿಸಲು ಒಂದು ವಾರ ರಿಪೇರಿ ಮಾಡಬೇಕು. ಆ ವಾರವೇ ಅವರ ಸುಖ.

ಇಂಥ ಹುಚ್ಚರದೇ ಒಂದು ಸಂಘವಿದೆ. ಅಲ್ಲಿ ವೇಗಕ್ಕೆ ಮರ್ಯಾದೆಯಿಲ್ಲ. ಉಗಿ ಜಾಸ್ತಿ ಬಿಟ್ಟರೆ ಎಂಥ ದರಿದ್ರ ಇಂಜಿನ್ನೂ ಓಡುತ್ತದೆ, ತಿರುವಿನಲ್ಲಿ ಹಾರಿ ಬಿದ್ದು ಮೂತಿ ಒಡೆದುಕೊಳ್ಳುತ್ತದೆ. ನಿಲ್ಲದ ಹಾಗೆ ನಿಧಾನವಾಗಿ ನಡೆಸುವುದೇ ವಿದ್ಯೆ. ಹಾಗಾಗಿ ಸಂಘದ ದೊಡ್ಡ ಪಂದ್ಯವೆಂದರೆ ನಿಧಾನದ ಪಂದ್ಯ. ಗೆರೆಯನ್ನು ಕೊನೆಗೆ ಮುಟ್ಟಿದವನು ಗೆದ್ದ, ನಡುವೆ ನಿಂತವನು ಸೋತ.

ಲೇತಿನ ಜಗಳ ಇಬ್ಬರೂ ಒಬ್ಬರ ಮನೆಗೊಬ್ಬರು ಹೋಗದಷ್ಟು ಬೆಳೆದಾಗ ಅಮ್ಮ ರೋಸಿಹೋದಳು. ಲೇತ್ ಇದ್ದದ್ದು ಅವಳು ಬಚ್ಚಲಿಗೆ ಹೋಗುವ ದಾರಿಯಲ್ಲಿ. ದಿನಾ ಅದಕ್ಕೆ ಮಂಡಿ ಬಡಿಸಿಕೊಂಡು, ಸತ್ತ ಗಂಡನಿಗೆ ಎರಡು ಮಾತು ಅಂದೇ ಮುಂದಕ್ಕೆ ಹೋಗುತ್ತಿದ್ದಳು. ಒಂದು ದಿನ ಎಲ್ಲರನ್ನೂ ಕೂರಿಸಿ ತೀರ್ಪು ಕೊಟ್ಟಳು.

"ನಿಮ್ಮ ಸಂಘದ ಪಂದ್ಯನೇ ಆಡಿ. ನನ್ನ ಮಕ್ಕಳಲ್ಲಿ ಯಾರು ಎಲ್ಲೂ ನಿಲ್ಲದೆ ಎಲ್ಲರಿಗಿಂತ ಕೊನೆಗೆ ಬರ್ತಾರೋ, ಲೇತ್ ಅವರದು. ಆಮೇಲೆ ಯಾರೂ ಉಸಿರೆತ್ತಬಾರದು."

ತೀರ್ಪುಗಾರ್ತಿಯಾಗಿ ತಂಗಿ ಇರಲಿ ಎಂದು ಅಣ್ಣಂದಿರಿಬ್ಬರೂ ಒಪ್ಪಿದರು. ಅವರು ಒಪ್ಪಿದ ಒಂದೇ ಸಂಗತಿ ಅದು. ತಂಗಿಗೆ ಗಂಟಲವರೆಗೆ ಬಂದ ಮಾತು ಅಲ್ಲಿಂದಲೇ ವಾಪಸ್ಸು ಹೋಯಿತು. ಕೇಳಿದರೆ ನಗುತ್ತಾರೆ ಎಂಬ ಭಯ ಅವಳಿಗೆ. ಬೈದರೆ ತಡೆದುಕೊಂಡಾಳು, ನಕ್ಕರೆ ತಡೆಯುವಳಲ್ಲ.

ಮರುದಿನವೇ ದೊಡ್ಡಣ್ಣ ಕ್ಲಿನಿಕ್ಕಿನ ಹಿಂಬಾಗಿಲಿನಿಂದ ಬಂದ, ಇಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು. ಉಗಿ ಬಿಡುವ ವಾಲ್ವಿನೊಳಗೆ ಒಂದು ಸೂಜಿ ಇರುತ್ತದೆ. ಅದರ ಮೊನೆ ಎಷ್ಟು ನೀಳವೋ ಉಗಿ ಅಷ್ಟು ಸಣ್ಣಗೆ ಹೋಗುತ್ತದೆ, ಇಂಜಿನ್ನು ಅಷ್ಟು ನಿಧಾನವಾಗುತ್ತದೆ. ಹಲ್ಲು ಅರೆಯುವ ಕೈಗೆ ಸೂಜಿ ಅರೆಯುವುದೇನು ಮಹಾ ಎಂದು ಅವನು ಹೇಳಿದ. ಚಿಕ್ಕಣ್ಣನಿಗೆ ಸುಳಿವೂ ಸಿಗಬಾರದು ಎಂದು ಆಣೆ ಹಾಕಿಸಿಕೊಂಡ. ಅದರ ಮರುದಿನ ಚಿಕ್ಕಣ್ಣ ಬಂದ. ಅವನು ಇಂಜಿನ್ನನ್ನು ದಿಂಬಿನ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಉಳಿದದ್ದೆಲ್ಲ ಅದೇ, ಆಣೆ ಸಮೇತ.

ತಂಗಿ ಇಬ್ಬರಿಗೂ ಹೂಂ ಅಂದಳು. ಯಾರು ಗೆದ್ದರೂ ಲೇತ್ ಕೈಬಿಟ್ಟು ಹೋಗುತ್ತದೆ, ಇಬ್ಬರೂ ಗೆಲ್ಲದ ಹಾಗೆ ಮಾಡಿದರೆ ಅದು ಇದ್ದಲ್ಲೇ ಇರುತ್ತದೆ ಎಂಬುದು ಅವಳ ಲೆಕ್ಕ. ಮುಂದೇನು ಎಂದು ಅವಳು ಯೋಚಿಸಿರಲಿಲ್ಲ. ಕಳ್ಳತನ ಗೊತ್ತಿಲ್ಲದವರು ಕಳ್ಳತನಕ್ಕಿಳಿದರೆ ಹೀಗೇ. ದಿನಾ ಮಧ್ಯಾಹ್ನ ಅಮ್ಮನ ಮನೆಗೆ ಹೋಗಿ, ನಿನ್ನ ಹಲ್ಲಿನ ಸೆಟ್ಟು ಸಡಿಲವಾದ ಹಾಗಿದೆ, ಬಿಚ್ಚಿಕೊಡು ಎನ್ನುವಳು. ಅಮ್ಮ ಬೊಚ್ಚುಬಾಯಿಯಲ್ಲಿ ಮಲಗಿ ನಿದ್ದೆ ತೆಗೆಯುತ್ತಿದ್ದರೆ ಇವಳು ಲೇತಿನ ಮೇಲೆ ಎರಡು ಸೂಜಿ ತಿರುಗಿಸುವಳು. ಒಂದನ್ನು ಅರೆದಷ್ಟೇ ಇನ್ನೊಂದನ್ನೂ ಅರೆದಳು. ಉಗಿ ತಣ್ಣಗಾಗಿ ನೀರಾಗದಿರಲೆಂದು ಎರಡು ಇಂಜಿನ್ನಿನ ಪಿಸ್ಟನ್ ಆಡುವ ಸಿಲಿಂಡರಿಗೂ ಒಂದೇ ಬಟ್ಟೆ ಹರಿದು ಸುತ್ತಿದಳು. ಕೊನೆಗೆ ಎರಡೂ ಎಷ್ಟು ನಿಧಾನವಾದವೆಂದರೆ, ಇಂಜಿನ್ನು ನಡೆಯುತ್ತಿದೆಯೆಂದು ತಿಳಿಯಲು ಒಮ್ಮೆ ನೋಡಿ, ಪಾತ್ರೆ ತೊಳೆದು ಬಂದು, ಇನ್ನೊಮ್ಮೆ ನೋಡಬೇಕಿತ್ತು.

ಪಂದ್ಯದ ದಿನ ಬೆಳಿಗ್ಗೆ ಸಂಘದ ಮೈದಾನಕ್ಕೆ ಅಮ್ಮ ಬಂದಳು. ಹಿಂದೆಯೇ ತಳ್ಳುಗಾಡಿಯ ಮೇಲೆ ಲೇತ್ ಬಂತು. ಗಾಡಿ ತಳ್ಳುತ್ತಿದ್ದವನು ಗುಜರಿಯವನು. ಗೆದ್ದವನ ಮನೆಗೆ ಇಲ್ಲಿಂದಲೇ ಹೋಗಲಿ, ಯಾರೂ ಗೆಲ್ಲದಿದ್ದರೆ ಇವನೇ ಕಬ್ಬಿಣದ ತೂಕಕ್ಕೆ ಹಾಕಿಕೊಂಡು ಹೋಗಲಿ, ನನ್ನ ಮಂಡಿಗಂತೂ ಇವತ್ತು ಬಿಡುಗಡೆ ಎಂದಳು ಅಮ್ಮ. ಎರಡು ಸೂಜಿಯನ್ನೂ ಸಮ ಮಾಡಿ ತಂಗಿ ಲೇತನ್ನು ಉಳಿಸಿಕೊಂಡಿರಲಿಲ್ಲ, ತನ್ನ ಕೈಯಾರೆ ಗುಜರಿಗೆ ಕಳಿಸಿದ್ದಳು.

ಸೊಂಟದೆತ್ತರದ ಕಟ್ಟೆಯ ಮೇಲೆ ಜೋಡಿ ಹಳಿ. ಇಂಜಿನ್ನುಗಳು ಅಕ್ಕಪಕ್ಕ ನಿಂತು ಸುಂಯ್‌ಗುಟ್ಟಿದವು. ಸಂಘದ ಅಧ್ಯಕ್ಷರು ಸೀಟಿ ಊದಿದರು, ಮತ್ತು ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಧ್ಯಕ್ಷರು ಕಟ್ಟೆಯ ಮೇಲೆ ಬೋರಲು ಮಲಗಿ, ಹಳಿಗೆ ಕೆನ್ನೆ ತಾಗಿಸಿ, ಹೊರಟಿವೆ ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು.

ಬಿಸಿಲೇರಿತು. ಇಬ್ಬರು ಅಣ್ಣಂದಿರೂ ಕಣ್ಣಲ್ಲಿ ಕಣ್ಣಿಟ್ಟು, ಪ್ಲಾಸ್ಟಿಕ್ ಬಾಟಲಿಯಿಂದ ಆಗಾಗ ಬಾಯ್ಲರಿಗೆ ನೀರು ಒತ್ತುತ್ತಿದ್ದರು. ಚಿಕ್ಕಣ್ಣ ಅಂಗಡಿಯ ದೊಡ್ಡ ಲೆನ್ಸ್ ತಂದು ದೊಡ್ಡಣ್ಣನ ಗಾಲಿಯ ಮೇಲೆ ಹಿಡಿದಿದ್ದ. ನಡುವೆ ಒಂದು ಇರುವೆ ಚಿಕ್ಕಣ್ಣನ ಇಂಜಿನ್ನಿನ ಗಾಲಿಯ ಮುಂದೆಯೇ ಹಳಿ ದಾಟಲು ಬಂತು. ಅಲ್ಲಿ ನಿಂತು ಮೀಸೆ ಒರೆಸಿಕೊಂಡು, ಏನೋ ನೆನಪಾದಂತೆ ವಾಪಸ್ಸು ಹೋಗಿ, ಇನ್ನೊಂದು ಇರುವೆಯನ್ನು ಕರೆದುಕೊಂಡು ಬಂತು. ಎರಡೂ ಸಾವಕಾಶವಾಗಿ ದಾಟಿದವು. ಇರುವೆಗಳು ಹಿಂದಿನಿಂದ ಎಳೆದದ್ದರಿಂದಲೇ ಅವನ ಇಂಜಿನ್ನು ಅಷ್ಟು ನಿಧಾನ ಎಂದು ದೊಡ್ಡಣ್ಣ ತಕರಾರು ತೆಗೆದ. ಅದರ ಮೇಲೆ ಚರ್ಚೆ ನಡೆದು, ಇರುವೆಗಳು ಸಂಘದ ಸದಸ್ಯರಲ್ಲವಾದ್ದರಿಂದ ಅವಕ್ಕೆ ನಿಯಮ ಅನ್ವಯಿಸುವುದಿಲ್ಲವೆಂದು ತೀರ್ಮಾನವಾಯಿತು. ಗುಜರಿಯವನಿಗೂ ಅಷ್ಟರಲ್ಲಿ ಹುಚ್ಚು ಹಿಡಿದಿತ್ತು. ಟೀ ಲೋಟವನ್ನು ಹಳಿಯ ಮೇಲೆ ಇಂಜಿನ್ನಿನ ಮುಂದೆಯೇ ಇಟ್ಟು, ನಿಶ್ಚಿಂತೆಯಿಂದ ಕುಡಿಯುತ್ತ, ತನ್ನ ಜನ್ಮದಲ್ಲಿ ಇಂಥ ಪಂದ್ಯ ನೋಡಿಲ್ಲ ಎನ್ನುತ್ತಿದ್ದ.

ಮಧ್ಯಾಹ್ನ ಕಳೆದ ಮೇಲೆ ತಂಗಿಗೆ ಒಂದು ಗೊತ್ತಾಯಿತು. ಸುಂಯ್ ಎನ್ನುವ ಸದ್ದು ನಿಂತಿತ್ತು. ಎರಡರ ಹೊಟ್ಟೆಯಲ್ಲೂ ಗ್ಯಾಸು ಮುಗಿದು ಬೆಂಕಿ ಆರಿತ್ತು. ಗೆರೆಗೆ ಇನ್ನೂ ಗೇಣುದ್ದ ಬಾಕಿ.

ಬೇರೆ ಯಾರಿಗೂ ಗೊತ್ತಾಗಲಿಲ್ಲ. ನಡೆಯುವುದಕ್ಕೂ ನಿಲ್ಲುವುದಕ್ಕೂ ವ್ಯತ್ಯಾಸ ಅಷ್ಟು ಕಡಿಮೆಯಾಗಿತ್ತು. ಈಗಂತೂ ಅದ್ಭುತವಾಗಿ ನಡೆಯುತ್ತಿವೆ, ಸಂಘ ಹುಟ್ಟಿದಾಗಿನಿಂದ ಇಷ್ಟು ನಿಧಾನ ಕಂಡಿಲ್ಲ ಎಂದು ಅಧ್ಯಕ್ಷರು ಗದ್ಗದಿತರಾದರು. ಅಣ್ಣಂದಿರಿಬ್ಬರೂ ಹೆಮ್ಮೆಯಿಂದ ತಂತಮ್ಮ ತಣ್ಣಗಿನ ಇಂಜಿನ್ನನ್ನು ನೋಡುತ್ತ ಕೂತರು. ನಿಂತ ಇಂಜಿನ್ನುಗಳನ್ನು ಇಡೀ ಮೈದಾನ ಹುರಿದುಂಬಿಸುತ್ತಿತ್ತು.

ಹೇಳಿದರೆ ಲೇತ್ ಈಗಲೇ ಗುಜರಿಗೆ. ಹೇಳದಿದ್ದರೆ ಇವರು ಕತ್ತಲಾಗುವವರೆಗೆ ಕೂತಿರುತ್ತಾರೆ, ನಾಳೆಯೂ ಬರುತ್ತಾರೆ, ನಾಡಿದ್ದೂ ಬರುತ್ತಾರೆ, ಇವಳು ಲೇತಿನ ಪಕ್ಕದಲ್ಲೇ ಸುಳ್ಳು ಹೇಳಿಕೊಂಡು ಮುದುಕಿಯಾಗಬಹುದು. ಒಂದು ಕ್ಷಣ ತಂಗಿಗೆ ಅದೇ ವಾಸಿ ಎನಿಸಿತು. ಆದರೆ ತನ್ನ ಕೈಯಲ್ಲಿ ಅರೆದ ಸೂಜಿಗಳ ವಿಷಯದಲ್ಲಿ ಸುಳ್ಳು ಹೇಳಲು ಅವಳಿಗೆ ಬರಲಿಲ್ಲ.

"ಎರಡೂ ನಿಂತಿವೆ" ಎಂದಳು.

ಯಾರೂ ನಂಬಲಿಲ್ಲ. ನಿನಗೆ ಕಾಣುತ್ತಿಲ್ಲ ಅಷ್ಟೇ, ಒಂದು ಸಲ ಅಂಗಡಿಗೆ ಬಾ, ಕಣ್ಣು ಪರೀಕ್ಷೆ ಮಾಡುತ್ತೇನೆ ಎಂದ ಚಿಕ್ಕಣ್ಣ. ತಂಗಿ ಎರಡೂ ಅಂಗೈಯನ್ನು ಎರಡು ಬಾಯ್ಲರುಗಳ ಮೇಲೆ ಇಟ್ಟಳು. ಉಗಿ ಇರುವ ಬಾಯ್ಲರನ್ನು ಮುಟ್ಟಿದರೆ ಚರ್ಮ ಎದ್ದು ಬರುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಅಧ್ಯಕ್ಷರು ಅಯ್ಯೋ ಎಂದರು. ತಂಗಿ ಕೈ ತೆಗೆಯಲೇ ಇಲ್ಲ. ಸ್ನಾನಕ್ಕೆ ತೋಡಿಟ್ಟ ನೀರಿನಷ್ಟೂ ಬಿಸಿ ಅವುಗಳಲ್ಲಿ ಉಳಿದಿರಲಿಲ್ಲ.

"ನಿಲ್ಲೋಕೆ ಹೇಗೆ ಸಾಧ್ಯ, ಸೂಜಿ ನೀನೇ ತಾನೇ ಅರೆದಿದ್ದು" ಎಂದುಬಿಟ್ಟ ದೊಡ್ಡಣ್ಣ, ಆಣೆ ಹಾಕಿಸಿಕೊಂಡಿದ್ದನ್ನು ಮರೆತು.

ಚಿಕ್ಕಣ್ಣ ಲೆನ್ಸ್ ಕೆಳಗಿಳಿಸಿದ. "ಅವನದ್ದೂ ನೀನೇನಾ?"

ಅಷ್ಟು ಕಾಲ ಮುಖ ನೋಡದಿದ್ದ ಅಣ್ಣತಮ್ಮಂದಿರು ಒಂದೇ ನಿಮಿಷದಲ್ಲಿ ಒಂದಾದರು. ಒಡಹುಟ್ಟಿದವಳು ಹೀಗೆ ಮಾಡಬಹುದೇ, ಇಬ್ಬರ ಉಪ್ಪನ್ನೂ ತಿಂದು ಇಬ್ಬರಿಗೂ ಮೋಸವೇ ಎಂದು ಒಬ್ಬರ ಮಾತನ್ನು ಒಬ್ಬರು ಮುಂದುವರಿಸಿದರು. ದೊಡ್ಡಣ್ಣ ತನ್ನ ಬಾಟಲಿಯಿಂದ ಚಿಕ್ಕಣ್ಣನಿಗೆ ಕುಡಿಯಲು ನೀರು ಕೂಡ ಕೊಟ್ಟ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಗುಜರಿಯವನ ಕಡೆ ತಿರುಗಿ, ಯಾರೂ ಗೆಲ್ಲಲಿಲ್ಲ, ತಗೊಂಡು ಹೋಗಪ್ಪ ಎಂದಳು. ಅವನು ಒಲ್ಲದ ಮನಸ್ಸಿನಿಂದ ಗಾಡಿಯ ಹಿಡಿ ಎತ್ತಿದ. ಗಾಲಿ ಕಿರ್ ಎಂದಿತು.

ತಂಗಿ ಹೋಗಿ ಗಾಡಿಯ ಮುಂದೆ ನಿಂತಳು.

"ಅದು ನನಗೆ ಬೇಕು" ಎಂದಳು.

ಯಾರೂ ನಗಲಿಲ್ಲ. ಅವಳು ಅದನ್ನು ಗಮನಿಸಿದಳು, ಆದರೂ ನಂಬಿಕೆ ಬರಲಿಲ್ಲ, ಇನ್ನೇನು ನಗುತ್ತಾರೆ ಎಂದು ಕಾದಳು. ದೊಡ್ಡಣ್ಣನಿಗಂತೂ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಿನ್ನ ಹತ್ತಿರ ಇಂಜಿನ್ನೇ ಇಲ್ಲವಲ್ಲ, ಲೇತ್ ತಗೊಂಡು ಏನು ಮಾಡುತ್ತೀಯ ಎಂದು ಕೇಳಿದ.

"ತಿರುಗಿಸ್ತೀನಿ. ನನಗೆ ಅದನ್ನ ತಿರುಗಿಸೋದು ಇಷ್ಟ ಅಣ್ಣ. ಅಪ್ಪ ಇದ್ದಾಗಿಂದಲೂ ಇಷ್ಟ. ಬೇರೆ ಕಾರಣ ಏನೂ ಇಲ್ಲ."

ಅಮ್ಮ ಕುರ್ಚಿಯಿಂದ ಎದ್ದಳು. ನನ್ನ ಹಲ್ಲಿನ ಸೆಟ್ಟು ಒಂದು ದಿನವೂ ಸಡಿಲವಿರಲಿಲ್ಲ, ದಿನಾ ಮಧ್ಯಾಹ್ನ ಆ ಗರಗರ ಸದ್ದಿನಲ್ಲಿ ನಿದ್ದೆ ಬಂದವಳ ಹಾಗೆ ಮಲಗಿ ಸಾಕಾಗಿದೆ ಎಂದು ಮೊದಲು ಅದನ್ನು ಹೇಳಿ ಮುಗಿಸಿದಳು. ಆಮೇಲೆ ಲೇತ್ ಇವಳದು ಎಂದಳು. ಇವರು ಪಂದ್ಯದಲ್ಲೇ ಇರಲಿಲ್ಲವಲ್ಲ ಎಂದು ಅಧ್ಯಕ್ಷರು ಮೆಲ್ಲಗೆ ತಡೆದರು.

"ಹುಟ್ಟಿದಾಗಿಂದ ಇದ್ದಾಳೆ" ಎಂದಳು ಅಮ್ಮ. "ನಿಮ್ಮ ಇಂಜಿನ್ನು ಒಂದು ದಿನ ಬಾಳಲಿಲ್ಲ. ಇವಳು ಆ ಒಂದು ಮಾತಿಗೆ ನಲವತ್ತು ವರ್ಷ ತಗೊಂಡಳು. ಅಷ್ಟು ನಿಧಾನವಾಗಿ ಬಂದರೂ, ಬಂದು ಮುಟ್ಟಿದಳೋ ಇಲ್ಲವೋ ನೋಡಿ."

ಅಧ್ಯಕ್ಷರು ಇದು ಸಂಘದ ದಾಖಲೆ ಎಂದು ಒಪ್ಪಿ ಸೀಟಿ ಊದಿದರು. ಚಪ್ಪಾಳೆ ಬಿತ್ತು. ತಂಗಿಗೆ ಅಳು ಬಂತು, ಅಷ್ಟು ಜನರ ಎದುರೇ ಅತ್ತಳು. ಅಣ್ಣಂದಿರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಗಾಡಿಗೆ ಒಂದೊಂದು ಕಡೆಯಿಂದ ಕೈ ಕೊಟ್ಟರು. ಯಾವ ಕಡೆಗೆ ತಳ್ಳಬೇಕು ಎಂದು ಗುಜರಿಯವನು ಕೇಳಿದ, ಅವಳು ಮೂಗೊರೆಸಿಕೊಂಡು ದಾರಿ ಹೇಳಿದಳು.